ಬಿಷಪ್ಪನಿಗೆ ಕ್ಷೌರ

ಭೂಮಿಯ ಮೇಲೆ ಎಲ್ಲಿ ಕೂದಲು ಬೆಳೆದರೂ ಅದು ದೇವರ ಕೈತಪ್ಪು, ಅದನ್ನು ತಿದ್ದುವುದಕ್ಕೆಂದೇ ತಾನು ಹುಟ್ಟಿದ್ದೇನೆ ಎಂದು ನನ್ನ ಭಾವ ರೂಬೆನ್ ಕ್ರೌಸ್ ನಂಬಿದ್ದ. ಹಾಗೆಂದು ಬಾಯಿಬಿಟ್ಟು ಹೇಳಿದವನಲ್ಲ. ಆದರೆ ನಿಮ್ಮ ಜೊತೆ ಮಾತಿಗೆ ನಿಂತರೆ ಅವನ ಕಣ್ಣು ನಿಮ್ಮ ಮುಖದ ಮೇಲೆ ಇರುತ್ತಿರಲಿಲ್ಲ, ಕಿವಿಯ ಪಕ್ಕ ಇಳಿದ ಕೂದಲಿನ ಮೇಲೆ ಇರುತ್ತಿತ್ತು. ನಮ್ಮ ಪಾದ್ರಿಗಳು ಗಡ್ಡ ಬಿಟ್ಟ ವರ್ಷ ರೂಬೆನ್ ಒಂದು ಪ್ರವಚನವನ್ನೂ ಕೇಳಿಸಿಕೊಂಡಿಲ್ಲ ಎಂದು ನಾನು ಬೈಬಲ್ ಮುಟ್ಟಿ ಹೇಳಬಲ್ಲೆ.

ಅವನ ಕಸುಬು ಅಂಗೋರಾ ಮೇಕೆಗಳ ತುಪ್ಪಟ ಕತ್ತರಿಸುವುದು. ಟೆಕ್ಸಸ್ಸಿನ ನಮ್ಮ ಬೆಟ್ಟಸೀಮೆಯಲ್ಲಿ ಮಣ್ಣು ಕಡಿಮೆ, ಕಲ್ಲು ಜಾಸ್ತಿ. ಕಲ್ಲಿನ ಮೇಲೆ ಬದುಕಬಲ್ಲ ಜೀವಿಗಳು ಎರಡೇ, ಒಂದು ಮೇಕೆ, ಇನ್ನೊಂದು ಜರ್ಮನ್ ಮೂಲದ ಲೂಥರನ್ ಕ್ರೈಸ್ತರು. ಚಳಿಗಾಲದ ಕೊನೆಗೆ ಒಮ್ಮೆ, ಬೇಸಿಗೆಯ ಕೊನೆಗೆ ಒಮ್ಮೆ ಮೇಕೆಗಳಿಗೆ ಕತ್ತರಿ ಬೀಳಬೇಕು. ರೂಬೆನ್ನನ ಅಪ್ಪ ಇದೇ ಕೆಲಸ ಮಾಡಿದ, ಅಜ್ಜನೂ ಇದೇ ಮಾಡಿದ. ಒಂದು ಕಾಲಕ್ಕೆ ಅವನ ಹಿಂದೆ ದೊಡ್ಡ ತಂಡವೇ ಇತ್ತು. ತುಪ್ಪಟ ಕೇಳುವವರು ಕಡಿಮೆಯಾದಂತೆ ತಂಡ ಕರಗಿ, ಕೊನೆಗೆ ಪಿಕಪ್ ಗಾಡಿಯ ಹಿಂದೆ ಒಂದು ಮೆಷಿನ್ನು, ಮೆಷಿನ್ನಿನ ಹಿಂದೆ ರೂಬೆನ್, ಇಷ್ಟೇ ಉಳಿಯಿತು. ಅಭಿಮಾನ ಮಾತ್ರ ಇಡೀ ತಂಡದ್ದು ಅವನೊಬ್ಬನಲ್ಲೇ ಸೇರಿಕೊಂಡಿತು.

ನನ್ನ ಅಕ್ಕ ನೆಲ್ಡಾ ಅವನನ್ನು ಮೆಚ್ಚಿದ್ದು ನಮ್ಮಪ್ಪನ ಕೊಟ್ಟಿಗೆಯಲ್ಲಿ. ಒಂದು ಗೀರೂ ಬೀಳದಂತೆ ಮೇಕೆಯ ಮೈಮೇಲೆ ಅವನ ಕೈ ಓಡುವುದನ್ನು ನೋಡಿ ಅವಳು ಮರುಳಾದಳು. ನಾನು ನೋಡಿದ್ದು ಅವನ ಕಿವಿಗಳನ್ನು, ಹಾಗಾಗಿ ಬಚಾವಾದೆ. ತಲೆನೋವು, ಸೊಂಟನೋವು, ಮುಂಗೋಪ, ಎಲ್ಲದಕ್ಕೂ ಅವನ ಮದ್ದು ಒಂದೇ: "ಕೂದಲು ತೆಗೀರಿ, ಅರ್ಧ ಕಾಯಿಲೆ ಹೋಗುತ್ತೆ." ಅವನ ತಲೆಯ ಮೇಲೆ ಒಂದು ಎಳೆಯೂ ಇರಲಿಲ್ಲ. ಇನ್ನರ್ಧ ಕಾಯಿಲೆ ಏನು ಎಂಬುದು ಅವನನ್ನು ನೋಡಿದವರಿಗೆ ಗೊತ್ತಾಗುತ್ತಿತ್ತು.

ಮೇಕೆಗಳು ನೆಲ್ಡಾಳವು. ಅಪ್ಪ ಸಾಯುವಾಗ ಅವಳಿಗೆ ಬಿಟ್ಟುಹೋದ ಹಿಂಡು. ಅದನ್ನು ಉಳಿಸಿದ್ದು ರೂಬೆನ್ನೂ ಅಲ್ಲ, ಲೂಥರನ್ ಪ್ರಾರ್ಥನೆಯೂ ಅಲ್ಲ. ಬಿಷಪ್ ಎಂಬ ನಾಯಿ. ಅದು ಬರುವ ಮುಂಚೆ ಪ್ರತಿ ವರ್ಷವೂ ಕಯೋಟಿಗಳು, ಅಂದರೆ ನಮ್ಮ ಕಡೆಯ ಕುಳ್ಳ ತೋಳಗಳು, ಮರಿಗಳನ್ನು ಎತ್ತಿಕೊಂಡು ಹೋಗುತ್ತಿದ್ದವು. ಬೆಳಗಾದರೆ ತಾಯಿಮೇಕೆ ಬೇಲಿಯ ಹತ್ತಿರ ನಿಂತು ಕೂಗುತ್ತಿತ್ತು. ಹಿಂಡನ್ನು ಮಾರಿಬಿಡೋಣ ಎಂದು ನೆಲ್ಡಾ ನಿರ್ಧಾರ ಮಾಡಿದ್ದಾಗ ಯಾರೋ ಒಂದು ಪಿರನೀಸ್ ಜಾತಿಯ ನಾಯಿಮರಿ ಕೊಟ್ಟರು. ಬೆಳ್ಳಗೆ, ದಪ್ಪ ತುಪ್ಪಟದ, ಕರಡಿಮರಿಯಂಥ ನಾಯಿ. ಬಿಳಿ ನಿಲುವಂಗಿ ತೊಟ್ಟಂತೆ ಗಂಭೀರವಾಗಿ ನಡೆಯುತ್ತಿದ್ದರಿಂದ ಬಿಷಪ್ ಎಂದು ಹೆಸರಾಯಿತು. ಕಾವಲುನಾಯಿಯನ್ನು ಮನೆಗೆ ಸೇರಿಸಬಾರದು, ಮುದ್ದು ಮಾಡಬಾರದು, ಹುಟ್ಟಿನಿಂದಲೇ ಮೇಕೆಗಳ ನಡುವೆ ಬಿಟ್ಟರೆ ಅದು ತನ್ನನ್ನು ಆ ಹಿಂಡಿನ ಹಿರಿಯನೆಂದು ತಿಳಿಯುತ್ತದೆ, ಇದು ನಮ್ಮಲ್ಲಿನ ಪದ್ಧತಿ. ನೆಲ್ಡಾ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿದಳು, ಕದ್ದುಮುಚ್ಚಿ ಬಿಸ್ಕತ್ತು ಕೊಡುವುದೊಂದನ್ನು ಬಿಟ್ಟು. ಬಿಷಪ್ ಬಂದಮೇಲೆ ಒಂದು ಮರಿಯೂ ಹೋಗಲಿಲ್ಲ. ಹಗಲೆಲ್ಲ ಓಕ್ ಮರದ ಕೆಳಗೆ ತಾನೇ ಕೆರೆದುಕೊಂಡ ತಂಪು ಗುಂಡಿಯಲ್ಲಿ ಮಲಗುತ್ತಿತ್ತು, ಮೇಕೆಗಳೂ ಅದರ ಸುತ್ತ ಅದೇ ನೆರಳಿನಲ್ಲಿ ಮಲಗುತ್ತಿದ್ದವು. ಹೊತ್ತಿಳಿದ ಮೇಲೆ ಅದರ ನೌಕರಿ ಶುರು.

ಆ ವರ್ಷ ಬೇಸಿಗೆ ಮುಗಿಯುವ ಆಗಸ್ಟ್ ತಿಂಗಳಲ್ಲಿ ಬೋರ್‌ವೆಲ್ಲಿನ ನೀರೂ ಬೆಚ್ಚಗೆ ಬರುತ್ತಿತ್ತು. ನನ್ನದು ಊರಿನ ಹಿಂಡಿ-ಬೂಸಾ ಅಂಗಡಿ. ಅಂಗಡಿಯ ಮುಂದೆ ಒಂದು ಬೆಂಚು, ಬೆಂಚಿನ ಮೇಲೆ ಒಂದು ಸಾಲು ಮುದುಕರು. ಇವರು ಕೊಳ್ಳುವುದು ಕಡಿಮೆ, ಕೊಡುವ ಸಲಹೆ ಜಾಸ್ತಿ. ಗೋಡೆಯ ಮೇಲಿದ್ದ ಥರ್ಮಾಮೀಟರನ್ನು ನಾನು ಕಿತ್ತು ಒಳಗಿಟ್ಟೆ, ಏಕೆಂದರೆ ಅದರ ಪಾದರಸ ಏರಿದಾಗಲೆಲ್ಲ ತಾವೇ ಏರಿಸಿದಂತೆ ಬೆಂಚಿನವರು ಬೀಗುತ್ತಿದ್ದರು.

ಒಂದು ಶುಕ್ರವಾರ ಸಂಜೆ ಅಂಗಡಿಗೆ ಡಾಕ್ಟರ್ ಪ್ರೆಸ್ಟನ್ ಆಲ್ಡ್ರಿಜ್ ಬಂದರು. ಸ್ಯಾನ್ ಆಂಟೋನಿಯೋದಲ್ಲಿ ಹಲ್ಲಿನ ಡಾಕ್ಟರು. ನೆಲ್ಡಾಳ ಬೇಲಿಯ ಆಚೆಗಿನ ಜಮೀನು ಕೊಂಡು, ಶನಿವಾರ ಭಾನುವಾರ ಮಾತ್ರ ರೈತರಾಗುತ್ತಿದ್ದರು. ಟೋಪಿಗೆ ಇನ್ನೂ ಬೆವರಿನ ಕಲೆ ಹತ್ತಿರಲಿಲ್ಲ. ಅವರ ಮೇಕೆಗಳಿಗೆಲ್ಲ ಹೂವಿನ ಹೆಸರು. ಬಿಷಪ್ಪನ ಜಾತಿಯವೇ ಎರಡು ನಾಯಿಗಳಿದ್ದವು. ಅವಕ್ಕೆ ನೆರಳಿನ ಚಪ್ಪರ, ಮಕ್ಕಳು ಆಡುವ ಪ್ಲಾಸ್ಟಿಕ್ ನೀರಿನ ತೊಟ್ಟಿ, ಜೊತೆಗೆ ಆಳೆತ್ತರದ ಒಂದು ಫ್ಯಾನು. ಆ ನಾಯಿಗಳು ಮೇಕೆ ಕಾಯುವುದಿಲ್ಲ, ಫ್ಯಾನು ಕಾಯುತ್ತವೆ ಎಂದು ಬೆಂಚಿನ ಮೇಲೆ ಮಾತಿತ್ತು. ಮಾತು ಸುಳ್ಳೇನಲ್ಲ.

"ಎರಡು ಬಾಚಣಿಗೆ ಕೊಡಿ, ಕಬ್ಬಿಣದ ಹಲ್ಲಿಂದು," ಅಂದರು ಡಾಕ್ಟರು.

"ಮೇಕೆಗಾ?"

"ನಾಯಿಗೆ. ಒಳಗಿನ ಮೆತ್ತನೆ ಕೂದಲು ಉದುರ್ತಾ ಇದೆ. ಬಾಚಿ ತೆಗೀದಿದ್ರೆ ಗಂಟು ಕಟ್ಟಿ ಗಾಳಿ ಆಡಲ್ಲ."

ಬೆಂಚಿನ ತುದಿಯಲ್ಲಿ ಕೂತಿದ್ದ ರೂಬೆನ್ ಕಾಫಿ ಲೋಟ ಕೆಳಗಿಟ್ಟ. "ಬಾಚಿ ಜಡೆ ಹಾಕ್ತೀರಾ ಡಾಕ್ಟ್ರೇ? ನಾಳೆ ನೆಲ್ಡಾ ಮೇಕೆಗಳಿಗೆ ಮೆಷಿನ್ ಹಾಕ್ತಿದೀನಿ, ನಿಮ್ಮ ನಾಯಿಗಳ್ನೂ ಕರ್ಕೊಂಡ್ಬನ್ನಿ. ಬೋಳಿಸಿ ಕಳಿಸ್ತೀನಿ. ಫ್ಯಾನೂ ಬೇಡ, ಸ್ನಾನದ ತೊಟ್ಟೀನೂ ಬೇಡ."

"ಬೋಳಿಸ್ಬಾರ್ದು ರೂಬೆನ್. ಮೇಲಿನ ಕೂದಲು ಬಿಸಿಲನ್ನ ತಡೆಯುತ್ತೆ. ಅದು ಅವಕ್ಕೆ ಕೊಡೆ. ಬಿಸಿಲಲ್ಲಿ ಹೋಗೋರ ಕೊಡೆ ಕಿತ್ಕೊಂಡು, ನೋಡಿ ಈಗ ಹಗುರ ಆಯ್ತು ಅನ್ನಬಾರ್ದು."

"ನಲವತ್ತು ವರ್ಷದಿಂದ ಕತ್ತರಿ ಹಿಡಿದಿದೀನಿ ಸ್ವಾಮಿ. ನನಗೆ ಕೂದಲಿನ ಪಾಠ ಬೇಡ. ನಾನು ನಿಮಗೆ ಹಲ್ಲು ಕೀಳೋದು ಹೇಳ್ಕೊಡ್ತೀನಾ?"

"ಹೋದ ವರ್ಷ ನಿಮ್ಮ ಹಲ್ಲನ್ನ ನೀವೇ ಇಕ್ಕಳದಲ್ಲಿ ಕಿತ್ಕೊಂಡ್ರಂತೆ."

"ಕಿತ್ಕೊಂಡೆ. ಸಲೀಸಾಗಿ ಬಂತು."

"ಪಕ್ಕದ್ದೂ ಬಂತಂತಲ್ಲ," ಅಂದರು ಡಾಕ್ಟರು, ಬಾಚಣಿಗೆ ಕಿಸೆಗೆ ಹಾಕಿಕೊಳ್ಳುತ್ತ.

ಇಡೀ ಬೆಂಚು ನಕ್ಕಿತು. ಆ ಬೆಂಚು ಅಲ್ಲಿಯವರೆಗೆ ಡಾಕ್ಟರನ್ನು ಕಂಡು ನಕ್ಕಿತ್ತೇ ಹೊರತು ಡಾಕ್ಟರ ಜೊತೆ ಸೇರಿ ನಕ್ಕಿರಲಿಲ್ಲ. ರೂಬೆನ್ನನ ಕಿವಿ ಕೆಂಪಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಎದುರಿಗೆ ನಾಲ್ಕನೆಯ ಕಾಲನ್ನು ತೋರಿಸಬಾರದು, ಅವನು ಅದನ್ನು ಕತ್ತರಿಸಲು ಹೊರಡುತ್ತಾನೆ. ಆ ಸಂಜೆ ಊಟದ ಹೊತ್ತಿಗೆ ನೆಲ್ಡಾಗೆ ಸುಳಿವು ಸಿಕ್ಕಿತ್ತು. "ನನ್ನ ನಾಯಿ ತಂಟೆಗೆ ಹೋಗ್ಬೇಡ," ಅಂದಳಂತೆ. "ನಾನ್ಯಾಕೆ ಹೋಗ್ಲಿ," ಅಂದನಂತೆ.

ಮರುದಿನ ಮೇಕೆಗಳಿಗೆ ಕತ್ತರಿ. ಅದೇ ದಿನ ಊರಿನಲ್ಲಿ ವೀಡೆನ್‌ಫೆಲ್ಡ್ ಅಜ್ಜಿಯ ಶವಸಂಸ್ಕಾರ. ನೆಲ್ಡಾ ಮಾಡುವ ಆಲೂಗಡ್ಡೆ ಸಲಾಡ್ ಇಲ್ಲದೆ ನಮ್ಮಲ್ಲಿ ಯಾರನ್ನೂ ಮಣ್ಣು ಮಾಡುವುದಿಲ್ಲ. ಅವಳು ದೊಡ್ಡ ಬೋಗುಣಿ ಎತ್ತಿಕೊಂಡು ಚರ್ಚಿಗೆ ಹೋದಳು. ನಾನು ಕೊಟ್ಟಿಗೆಯಲ್ಲಿ ತುಪ್ಪಟ ಚೀಲಕ್ಕೆ ತುಂಬುತ್ತ ಕೂತೆ. ಸಾಸೇಜ್ ಸುಡುವ ವಾಸನೆಗೆ ಬೆಂಚಿನವರೆಲ್ಲ ಬಂದಿದ್ದರು, ಊರ ವಾರಪತ್ರಿಕೆಯ ಸಂಪಾದಕನೂ ಬಂದಿದ್ದ. ಬಿಷಪ್ ಕೊಟ್ಟಿಗೆಯ ಬಾಗಿಲಲ್ಲಿ ನಾಲಗೆ ಚಾಚಿ ಕೂತು, ಒಳಗೆ ಹೋದ ಪ್ರತಿ ಮೇಕೆಯೂ ಹೊರಗೆ ಬಂತೇ ಎಂದು ನೋಡುತ್ತಿತ್ತು.

ಕೊನೆಯ ಮೇಕೆ ಎದ್ದು ಓಡಿತು. ರೂಬೆನ್ ಮೆಷಿನ್ ಆರಿಸಲಿಲ್ಲ. ಬಿಷಪ್ಪನ ಕಡೆ ನೋಡಿದ. ಅವನ ಮುಖದಲ್ಲಿ ಹಟ ಇತ್ತು, ನಿಜ. ಆದರೆ ಕನಿಕರವೂ ಇತ್ತು, ಅದನ್ನು ಇಲ್ಲ ಎಂದರೆ ನನಗೆ ನರಕ. ಆ ಸೆಕೆಯಲ್ಲಿ ಆ ಪಾಟಿ ತುಪ್ಪಟ ಹೊತ್ತು ಏದುಸಿರು ಬಿಡುವ ಪ್ರಾಣಿಯನ್ನು ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತಿತ್ತು. ಲೋಕದಲ್ಲಿ ಅರ್ಧ ಅನಾಹುತ ಆಗುವುದೇ ಕನಿಕರಕ್ಕೆ ಕತ್ತರಿ ಸಿಕ್ಕಾಗ.

"ನೆಲ್ಡಾ ಬರ್ಲಿ ತಡಿ," ಅಂದೆ ನಾನು.

"ಬಂದು ಆಶ್ಚರ್ಯಪಡ್ಲಿ."

"ಅದೇನೋ ಪಡ್ತಾಳೆ."

ಅವನು ಮೈ ತಟ್ಟಿದ ಕೂಡಲೇ ಬಿಷಪ್ ಮಗ್ಗುಲಾಗಿ ಮಲಗಿತು. ಮರಿಯಾಗಿದ್ದಾಗಿನಿಂದ ಅದು ಆ ಕೈಯನ್ನು ನೋಡಿತ್ತು, ಆ ಕೈ ಎಷ್ಟೋ ಮೇಕೆಗಳನ್ನು ನೋವು ಮಾಡದೆ ಎಬ್ಬಿಸಿ ಕಳಿಸಿದ್ದನ್ನೂ ನೋಡಿತ್ತು. ಬಿಳಿಯ ತುಪ್ಪಟ ಪದರ ಪದರವಾಗಿ ಕೆಳಗೆ ಬಿತ್ತು. ಒಂದು ಗೀರೂ ಬೀಳಲಿಲ್ಲ. ತಲೆ ಮತ್ತು ಬಾಲದ ತುದಿ ಮಾತ್ರ ಹಾಗೇ ಉಳಿಸಿದ. ಎದ್ದು ನಿಂತಾಗ ಅದಕ್ಕೆ ಮೊದಲಿನ ದೊಡ್ಡ ತಲೆ, ಅದರ ಕೆಳಗೆ ಗುಲಾಬಿ ಬಣ್ಣದ ಬಡಕಲು ಮೈ. ಹಿಂದಕ್ಕೆ ತಿರುಗಿ ತನ್ನ ಬೆನ್ನನ್ನು ತಾನೇ ಮೂಸಿ ನೋಡಿತು. ಆಮೇಲೆ ಹೋಗಿ ಗೋಡೆಗೆ ಬೆನ್ನು ಒತ್ತಿ ಕೂತುಬಿಟ್ಟಿತು. ಬೆಂಚಿನವರು ಚಪ್ಪಾಳೆ ತಟ್ಟಿದರು. ಸಂಪಾದಕ ಫೋಟೋ ತೆಗೆದ.

ನೆಲ್ಡಾ ಖಾಲಿ ಬೋಗುಣಿ ಹಿಡಿದು ಬಂದಳು. "ಬಿಷಪ್ ಎಲ್ಲಿ?"

"ನಿನ್ನ ಮುಂದೇನೇ ಇದಾನಲ್ಲ," ಅಂದ ರೂಬೆನ್.

ಅವಳು ಬೋಗುಣಿ ಕೆಳಗಿಟ್ಟು, ಶವಸಂಸ್ಕಾರದ ಕಪ್ಪು ಲಂಗದಲ್ಲೇ ಮಣ್ಣಿನ ಮೇಲೆ ಮಂಡಿಯೂರಿ, ನಾಯಿಯ ಬೆನ್ನಿನ ಮೇಲೆ ಅಂಗೈ ಇಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ.

"ಎಷ್ಟು ಹಗುರ ಆಗಿದಾನೆ ನೋಡು," ಅಂದ ರೂಬೆನ್.

"ಮೇಕೆಗಳಿಗೆ ಇವನು ಯಾರು ಅಂತ ಗೊತ್ತಾಗುತ್ತಾ?"

"ಆಗದೆ ಏನು. ಅವೇನು ಕೂದಲು ನೋಡಿ ಸ್ನೇಹ ಮಾಡಿದ್ವಾ?"

ಕೂದಲು ನೋಡಿಯೇ ಮಾಡಿದ್ದವು. ಹೊಸದಾಗಿ ಕತ್ತರಿ ಬಿದ್ದ ಮೇಕೆಗಳಿಗೆ ತಮ್ಮ ಮಕ್ಕಳ ಗುರುತೇ ಒಂದೆರಡು ದಿನ ಸಿಗುವುದಿಲ್ಲ. ನೀನ್ಯಾರು, ನೀನ್ಯಾರು ಎಂದು ಒಂದಕ್ಕೊಂದು ಹಾಯುತ್ತಿರುತ್ತವೆ. ಅಂಥ ಗಲಿಬಿಲಿಯ ನಡುವೆ ಕಯೋಟಿಯ ಮೈಯ ಒಂದು ಗುಲಾಬಿ ಪ್ರಾಣಿ ಸಲಿಗೆಯಿಂದ ನಡೆದುಬಂದರೆ ಇನ್ನೇನಾದೀತು. ಹಿಂಡಿಗೆ ಹಿಂಡೇ ಕಿತ್ತು ಗುಡ್ಡದ ಮೇಲಕ್ಕೆ ಓಡಿತು. ಬಿಷಪ್ ಹಿಂದೆ ಓಡಿತು. ಅದು ಓಡಿದಷ್ಟೂ ಅವು ಓಡಿದವು.

ಇತ್ತ ಆ ರಾತ್ರಿಯೊಳಗೆ ಫೋಟೋ ಊರೆಲ್ಲ ಮೊಬೈಲಿನಲ್ಲಿ ಹರಿದಾಡಿ, ಭಾನುವಾರ ಚರ್ಚು ಮುಗಿಯುತ್ತಲೇ ಜನ ನಾಯಿಗಳ ಸಮೇತ ಕೊಟ್ಟಿಗೆಯ ಮುಂದೆ ಸಾಲುಗಟ್ಟಿದರು. ಮೇಕೆಗಳು ಕುರುಡಾಗಿ ಒಂದರ ಹಿಂದೊಂದು ಹೋಗುತ್ತವೆ ಎಂದು ಬೈಯುವವರೇ ಎಲ್ಲ. ಒಬ್ಬ ಉದ್ದ ಕೂದಲಿನ ಕೋಲಿ ನಾಯಿ ತಂದ, ಬೆಂಚಿನ ಅತಿ ಹಿರಿಯ ಎಮಿಲ್ ತನ್ನ ಚೌ ನಾಯಿಯನ್ನು ತಂದ. ರೂಬೆನ್ ಅಂಗಿಯ ತೋಳು ಮಡಚಿ ಕೆಲಸಕ್ಕೆ ಇಳಿದ. ಎಷ್ಟೋ ವರ್ಷದ ಮೇಲೆ ಅವನ ಮೆಷಿನ್ನಿನ ಮುಂದೆ ಸಾಲು ನಿಂತಿತ್ತು. ಆ ಖುಷಿಯಲ್ಲಿ ಸೀಟಿ ಹೊಡೆಯುತ್ತಿದ್ದ.

ನೆಲ್ಡಾ ಮಾತ್ರ ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು ಗುಡ್ಡದ ಕಡೆ ಪಿಕಪ್ ಓಡಿಸಿಕೊಂಡು ಹೋಗಿದ್ದಳು. ಅಲ್ಲಿ ಕಂಡದ್ದನ್ನು ಆಮೇಲೆ ನನಗೆ ಹೇಳಿದಳು. ಮೇಕೆಗಳು ಕೊನೆಗೆ ಬಿಸಿಲು ತಾಳಲಾರದೆ ಓಕ್ ಮರದ ಕೆಳಗೆ ಸೇರಿದ್ದವು. ಬಿಷಪ್ ಅಲ್ಲಿಗೆ ಹೋದರೆ ಅವು ಎದ್ದು ಓಡುತ್ತಿದ್ದವು. ಅವು ನೆರಳು ಬಿಟ್ಟು ಓಡಬಾರದೆಂದು, ಅವನ್ನು ಬಿಟ್ಟು ತಾನೂ ಹೋಗಬಾರದೆಂದು, ಆ ನಾಯಿ ದೂರದಲ್ಲಿ, ಬರೀ ಬಂಡೆಯ ಮೇಲೆ, ಉರಿಬಿಸಿಲಲ್ಲಿ ನಿಂತು ಕಾವಲು ಕಾಯುತ್ತಿತ್ತು. ಬೆಳಗಿನಿಂದ ಹಾಗೇ ನಿಂತಿದ್ದಿರಬೇಕು. ಬೆನ್ನು ಕೆಂಡದಂತೆ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅವಳು ಹೆಸರು ಹಿಡಿದು ಕರೆದಾಗ ತಿರುಗಲು ಹೋಗಿ ಕಾಲು ತೊಡರಿ ಬಿದ್ದಿತು.

ಗಾಡಿ ಕೊಟ್ಟಿಗೆಯ ಒಳಗೇ ನುಗ್ಗಿ ನಿಂತಿತು. "ಮೆಷಿನ್ ನಿಲ್ಸು," ಅಂದಳು ನೆಲ್ಡಾ.

ಬಿಷಪ್ಪನನ್ನು ಕೆಳಗಿಳಿಸುವಾಗ ಅದರ ನಾಲಗೆ ಕಡುಗೆಂಪಾಗಿತ್ತು, ಬಾಯಿಂದ ಗಟ್ಟಿ ಜೊಲ್ಲು ಇಳಿಯುತ್ತಿತ್ತು, ಕಣ್ಣು ನಮ್ಮನ್ನು ನೋಡುತ್ತಿರಲಿಲ್ಲ. ಇದು ಸತ್ತರೆ ಹಿಂಡೂ ಹೋಯಿತು, ಅಪ್ಪನ ಕೊನೆಯ ಗುರುತೂ ಹೋಯಿತು ಎಂದುಕೊಂಡು ದನದ ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಆಕೆ ಇನ್ನೊಂದು ಊರಿನಲ್ಲಿ ಹಸುವಿನ ಹೆರಿಗೆ ಮಾಡಿಸುತ್ತಿದ್ದರು, ಫೋನಿನಲ್ಲೇ ಹೇಳಿದರು.

"ನೆರಳಿಗೆ ತನ್ನಿ. ಹೊಟ್ಟೆಗೆ, ತೊಡೆ ಸಂದಿಗೆ, ಪಾದಕ್ಕೆ ನೀರು ಹಾಕ್ತಾನೇ ಇರಿ. ಐಸ್ ಹುಡುಕ್ತಾ ಹೊತ್ತು ಕಳೀಬೇಡಿ, ತೊಟ್ಟಿ ನೀರೇ ಸಾಕು. ಬಾಯೊಳಗೆ ಬಲವಂತವಾಗಿ ಸುರೀಬೇಡಿ. ಗಾಳಿ ಬೇಕು, ಜೋರಾಗಿ. ಫ್ಯಾನ್ ಇದೆಯಾ?"

ಇರಲಿಲ್ಲ. ಫ್ಯಾನು ಹೆಂಗಸರಿಗೆ ಮತ್ತು ಹಲ್ಲಿನ ಡಾಕ್ಟರಿಗೆ ಎಂದು ರೂಬೆನ್ ಜೀವನವಿಡೀ ಹೇಳಿಕೊಂಡು ಬಂದಿದ್ದ. ಬೆಂಚಿನವರು ಟೋಪಿ ತೆಗೆದು ಬೀಸತೊಡಗಿದರು. ಆ ಟೋಪಿಗಳಿಂದ ಗಾಳಿಗಿಂತ ಬೆವರಿನ ನಾತವೇ ಹೆಚ್ಚು ಬಂತು. ನೆಲ್ಡಾ ನೀರು ಹಾಕುತ್ತ, ತಲೆ ಎತ್ತದೆ, "ಫ್ಯಾನು ಎಲ್ಲಿದೆ ಅಂತ ನಿನಗೆ ಗೊತ್ತು," ಅಂದಳು.

ರೂಬೆನ್ ಓಡಿದ. ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬೇಲಿಯ ಮುಳ್ಳುತಂತಿಗೆ ಚರ್ಚಿನ ಪ್ಯಾಂಟು ಸಿಕ್ಕಿ ಹರಿದದ್ದನ್ನೂ ತಿರುಗಿ ನೋಡಲಿಲ್ಲ. ಡಾಕ್ಟರ ಮನೆಯ ಬಾಗಿಲಲ್ಲಿ ನಿಂತು ಅವನು ಏನೆಂದು ಕೇಳಿದನೋ, ಇಬ್ಬರೂ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಸ್ವಲ್ಪ ಹೊತ್ತಿಗೆ ಡಾಕ್ಟರ ಗಾಡಿ ಬಂತು, ಹಿಂದುಗಡೆ ಆ ಆಳೆತ್ತರದ ಫ್ಯಾನನ್ನು ಅಪ್ಪಿ ಹಿಡಿದುಕೊಂಡು ರೂಬೆನ್ ನಿಂತಿದ್ದ. ಡಾಕ್ಟರು ನಾಯಿಯನ್ನೊಮ್ಮೆ, ನೆಲದ ಮೇಲಿನ ತುಪ್ಪಟವನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ಪ್ಲಗ್ಗು ಹಾಕಿದರು. ಆ ಮೌನಕ್ಕಾಗಿ ನಾನು ಅವರ ಮೇಕೆಗಳ ಹೂವಿನ ಹೆಸರನ್ನೆಲ್ಲ ಕ್ಷಮಿಸಿಬಿಟ್ಟೆ.

ಬೀಸುವ ಗಾಳಿಗೆ ಒದ್ದೆ ಹೊಟ್ಟೆ ಒಡ್ಡಿ ಬಿಷಪ್ ಮಲಗಿತ್ತು. ಯಾರೂ ಹೋಗಲಿಲ್ಲ. ಎಮಿಲ್ ಒಬ್ಬನೇ ತನ್ನ ಚೌ ನಾಯಿಯ ಸರಪಳಿ ಹಿಡಿದು ಒದ್ದಾಡುತ್ತಿದ್ದ. ಆ ನಾಯಿಗೆ ಎಡಗಡೆ ಬೋಳಾಗಿತ್ತು, ಬಲಗಡೆ ಪೂರ್ತಿ ತುಪ್ಪಟ.

"ರೂಬೆನ್, ಈ ಪಕ್ಕ ಹೀಗೇ ಬಿಡೋದಾ?" ಅಂದ ಮೆಲ್ಲಗೆ.

"ಬಿಡು," ಅಂದ ರೂಬೆನ್.

"ನೋಡೋರು ಏನಂತಾರೆ?"

"ಬಲಗಡೆಯಿಂದ ನೋಡಿ ಅನ್ನು," ಅಂದೆ ನಾನು.

ಕೊನೆಗೆ ಬಿಷಪ್ಪನ ಕಣ್ಣು ತಿಳಿಯಾಯಿತು. ತಲೆ ಎತ್ತಿ ನೆಲ್ಡಾಳ ಕೈ ನೆಕ್ಕಿ, ತಾನಾಗಿಯೇ ಎರಡು ಗುಟುಕು ನೀರು ಕುಡಿಯಿತು. ಆಗ ಅವಳು ಅತ್ತಳು. ಡಾಕ್ಟರಮ್ಮ ಸಂಜೆ ಬಂದು ಸುಟ್ಟ ಬೆನ್ನಿಗೆ ಮುಲಾಮು ಹಚ್ಚಿ, ರೂಬೆನ್ನನಿಗೆ ಬೈಗುಳ ಹಚ್ಚಿದರು. ಮುಲಾಮಿಗಿಂತ ಬೈಗುಳ ದಪ್ಪಗಿತ್ತು. "ತುಪ್ಪಟ ಬೆಳೆಯೋವರೆಗೂ ಇವನನ್ನ ಬಿಸಿಲಿಗೆ ಬಿಡೋ ಹಾಗಿಲ್ಲ. ಒಂದು ವರ್ಷ ಹಿಡಿದ್ರೂ ಹಿಡೀತು. ಮೊದಲಿನ ಹಾಗೆ ಬರದೇನೂ ಇರಬಹುದು."

"ಹಾಗಾದ್ರೆ ಮೇಕೆ ಕಾಯೋರು ಯಾರು?" ಅಂದ ಎಮಿಲ್.

ನೆಲ್ಡಾ ಗಂಡನ ಮುಖ ನೋಡಿದಳು. ಅವನು ಅರ್ಥ ಮಾಡಿಕೊಂಡು, ಮಡಚುವ ಕುರ್ಚಿ ಹುಡುಕಲು ಹೋದ.

ಹೀಗೆ ನಮ್ಮ ಊರಿಗೆ ಒಂದು ಹೊಸ ಏರ್ಪಾಡು ಬಂತು. ನಾಯಿ ಕೊಟ್ಟಿಗೆಯಲ್ಲಿ ಫ್ಯಾನಿನ ಕೆಳಗೆ, ಸುಟ್ಟ ಬೆನ್ನಿಗೆ ನೊಣ ಕೂರದಂತೆ ರೂಬೆನ್ನನ ಚರ್ಚಿನ ಬಿಳಿ ಅಂಗಿ ತೊಟ್ಟು ಮಲಗಿತು. ರೂಬೆನ್ ಹುಲ್ಲುಗಾವಲಿನಲ್ಲಿ, ಓಕ್ ಮರದ ಕೆಳಗೆ, ಹಗಲೂ ಇರುಳೂ. ಬೆಂಚಿನವರಿಗೆ ಹಬ್ಬ. ದಾರಿಯಲ್ಲಿ ಗಾಡಿ ನಿಲ್ಲಿಸಿ ಬೇಲಿಯ ಆಚೆಯಿಂದ, "ರೂಬೆನ್, ಎಲ್ಲಿ, ಒಂದ್ಸಲ ಬೊಗಳು," ಅನ್ನುತ್ತಿದ್ದರು. ಮೊನ್ನೆ ಚಪ್ಪಾಳೆ ತಟ್ಟಿದ ಕೈಗಳೇ ಇವು. ಅವರ ಬೋಳು ನಾಯಿಗಳೆಲ್ಲ ಒಂದೊಂದಾಗಿ ಮನೆಯೊಳಗೆ ಸೇರಿ ಹೆಂಡತಿಯರ ಸೋಫಾ ಹತ್ತಿದ್ದನ್ನು ಅವರು ಹೇಳಿಕೊಳ್ಳಲಿಲ್ಲ.

ಮೇಕೆ ಕಾಯುವುದು ಕೂತು ಮಾಡುವ ಕೆಲಸ ಎಂದು ರೂಬೆನ್ ತಿಳಿದಿದ್ದ. ಅದು ನಿದ್ದೆಗೆಡುವ ಕೆಲಸ. ಸೆಪ್ಟೆಂಬರಿನ ಒಂದು ಬೆಳಗ್ಗೆ, ಮಂಜು ಇನ್ನೂ ಆರದ ಹೊತ್ತಿಗೆ, ಕುರ್ಚಿಯಲ್ಲಿ ಅವನಿಗೆ ಜೊಂಪು ಹತ್ತಿತು. ಎದ್ದಾಗ ಬೇಲಿಯ ಹತ್ತಿರ ಒಂದು ತಾಯಿಮೇಕೆ ಕೂಗುತ್ತಿತ್ತು. ಕೊಟ್ಟಿಗೆಯ ಒಳಗಿನಿಂದ ಬಿಷಪ್ ಆಗಲೇ ಬೊಗಳಿ ಬೊಗಳಿ ಗಂಟಲು ಕಟ್ಟಿಸಿಕೊಂಡಿತ್ತು. ಬಾಗಿಲ ಹಲಗೆಯನ್ನು ಕೆರೆದ ಪಾದದಲ್ಲಿ ರಕ್ತ. ಮರಿಯಲ್ಲಿ ಉಳಿದದ್ದನ್ನು ನೆಲ್ಡಾ ತಾನೇ ಹೂತಳು. ಗಂಡನಿಗೆ ಬೈಯಲಿಲ್ಲ. ಎಂದಿನಂತೆ ಕಾಫಿ ಕೊಟ್ಟಳು. "ಬೈದಿದ್ರೆ ಚೆನ್ನಾಗಿತ್ತು ಕಣೆ ಆಲ್ಮಾ," ಅಂತ ಅವನು ನನ್ನ ಅಂಗಡಿಯಲ್ಲಿ ನಿಂತು ಹೇಳಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನಬೇಕೆಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವನು ಆವತ್ತು ಕೊಂಡದ್ದು ಒಂದು ಕಬ್ಬಿಣದ ಬಾಚಣಿಗೆ.

ಬಾಚಣಿಗೆ ಅವನ ಕೈಯಲ್ಲಿ ಕೆಲಸಕ್ಕೆ ಬರಲಿಲ್ಲ. ನೆಲ್ಡಾ ಬಂದರೆ ಬಾಲ ಆಡಿಸುವ ಬಿಷಪ್, ರೂಬೆನ್ ಬಂದರೆ ಎದ್ದು ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಕಚ್ಚಲಿಲ್ಲ, ಗುರುಗುಟ್ಟಲಿಲ್ಲ. ಎದ್ದು ಹೋಗುತ್ತಿತ್ತು, ಅಷ್ಟೇ. ಅವನು ನೀರಿನ ಬೋಗುಣಿ ತುಂಬಿಸಿ, ಬಾಚಣಿಗೆಯನ್ನು ನೆಲ್ಡಾಗೆ ಕೊಟ್ಟು, ಹಿಂಡಿನ ಕಡೆ ನಡೆಯುತ್ತಿದ್ದ.

ಚಳಿ ಬಿದ್ದ ಮೇಲೆ ಬಿಷಪ್ಪನ ಮೈ ತುಂಬತೊಡಗಿತು. ಸರಿಯಾಗಿ ತುಂಬಲಿಲ್ಲ. ಒಂದು ಕಡೆ ಉದ್ದ, ಒಂದು ಕಡೆ ಬರೀ ಗುಂಗುರು, ಬೆನ್ನಿನ ನಡುವೆ ಹಳೆ ಕಂಬಳಿಯಂಥ ತೇಪೆ. ಆದರೂ ಬಿಸಿಲಿಲ್ಲದ ಕಾಲವಾದ್ದರಿಂದ ಹೊರಗೆ ಬಿಟ್ಟೆವು. ಮೊದಲು ದೂರದಲ್ಲೇ ಮಲಗುತ್ತಿತ್ತು. ಒಂದು ಗಾಳಿಯ ದಿನ ಎಲ್ಲಕ್ಕಿಂತ ಹಳೆಯ ಮೇಕೆ, ನಮ್ಮಪ್ಪನ ಕಾಲದ್ದು, ಎದ್ದು ಹೋಗಿ ಅದನ್ನು ಮೂಸಿ ನೋಡಿ ಪಕ್ಕದಲ್ಲೇ ಒರಗಿತು. ಮಿಕ್ಕವೂ ಒಂದೊಂದಾಗಿ 'ಓ, ನೀನಾ' ಎಂಬಂತೆ ಬಂದವು. ಆವತ್ತು ನೆಲ್ಡಾ ಹಾಡಿಕೊಂಡು ಅಡಿಗೆ ಮಾಡಿದಳು. ಆಮೇಲೆ ಒಂದು ಮರಿಯೂ ಹೋಗಲಿಲ್ಲ. ರೂಬೆನ್ ಕುರ್ಚಿ ಮಡಚಿ ಮನೆಗೆ ತಂದ.

ಫೆಬ್ರವರಿ ಬಂತು, ಕತ್ತರಿಯ ಕಾಲ. ರೂಬೆನ್ ಮೆಷಿನ್ನಿಗೆ ಎಣ್ಣೆ ಬಿಟ್ಟು ಶುರುಮಾಡಿದ. ಆ ಸದ್ದು ಕೇಳಿದ್ದೇ ತಡ, ಗುಡ್ಡದ ಮೇಲಿದ್ದ ಬಿಷಪ್ ಇಳಿದುಬಂದು ಮೇಕೆಗಳ ಮುಂದೆ, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿತು.

"ಬಾರೋ ಬಿಷಪ್, ಪಕ್ಕಕ್ಕೆ ಬಾ," ಅಂದ ರೂಬೆನ್. ಒಂದು ಹೆಜ್ಜೆ ಇಟ್ಟ.

ಬಿಷಪ್ಪನ ಎದೆಯೊಳಗಿಂದ ಒಂದು ಸದ್ದು ಬಂತು. ಅದನ್ನು ನಾವು ದೂರದಿಂದ ಎಷ್ಟೋ ಸಲ ಕೇಳಿದ್ದೆವು, ಕಯೋಟಿಗಳು ಬೇಲಿಗೆ ಬಂದಾಗ. ಇಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ರೂಬೆನ್ ಮೆಷಿನ್ ಕೆಳಗಿಟ್ಟು ಬರಿಗೈ ತೋರಿಸಿದ. ಸದ್ದು ನಿಲ್ಲಲಿಲ್ಲ.

"ನೆಲ್ಡಾ, ಇವನಿಗೆ ಹೇಳೇ. ನಾನು ಯಾರು ಅಂತ ಹೇಳು."

"ಅವನಿಗೆ ಗೊತ್ತು," ಅಂದಳು ನೆಲ್ಡಾ. "ಅವನ ಕೆಲಸ ಅವನು ಮಾಡ್ತಿದಾನೆ."

ಮೇಕೆಗಳಿಗೆ ಕತ್ತರಿ ಬೀಳದಿದ್ದರೆ ಆಗದು. ಕೊನೆಗೆ ಪಕ್ಕದ ಜಿಲ್ಲೆಯ ಇಲಾರಿಯೋ ಎಂಬವನನ್ನು ಕರೆಸಿದೆವು. ಅವನು ಕತ್ತರಿಸುವುದಿಲ್ಲ, ಕೆರೆಯುತ್ತಾನೆ ಎಂದು ರೂಬೆನ್ ಬೆಂಚಿನ ಮೇಲೆ ಕೂತು ಎಷ್ಟೋ ವರ್ಷ ಹೇಳಿದ್ದ. ಇಲಾರಿಯೋ ಬಂದು ಬಿಷಪ್ಪನಿಗೆ ತನ್ನ ಕೈ ಮೂಸಲು ಕೊಟ್ಟ. ಬಿಷಪ್ ನೆಲ್ಡಾಳ ಮುಖ ನೋಡಿತು. ಅವಳು ಸರಿ ಎಂದಳು. ಅದು ದಾರಿ ಬಿಟ್ಟಿತು. ಆದರೆ ಒಳಗೆ ಕೂರಲಿಲ್ಲ. ರೂಬೆನ್ ಬೇಲಿಯ ಆಚೆ ನಿಂತಿದ್ದ. ಅವನು ಎಡಕ್ಕೆ ನಡೆದರೆ ಬಿಷಪ್ ಬೇಲಿಯ ಈಚೆ ಎಡಕ್ಕೆ ನಡೆಯಿತು, ಬಲಕ್ಕೆ ಬಂದರೆ ಬಲಕ್ಕೆ ಬಂತು. ಅವನು ನಿಂತಾಗ ಎದುರಿಗೆ ಕೂತು ಕಣ್ಣು ಕೀಳದೆ ನೋಡಿತು.

ಮಧ್ಯಾಹ್ನ ನಾನು ಸಾಸೇಜು ಬ್ರೆಡ್ಡು ತಟ್ಟೆಯಲ್ಲಿಟ್ಟು ಬೇಲಿಯ ಮೇಲಿಂದ ಅವನಿಗೆ ಕೊಟ್ಟೆ. ಅವನ ಮೇಲಿನ ನನ್ನ ಸಿಟ್ಟು ಅಷ್ಟು ಹೊತ್ತಿಗೆ ಸವೆದುಹೋಗಿತ್ತು, ಸಂಕಟವಾಯಿತು. ಅವನು ತಟ್ಟೆ ಹಿಡಿದುಕೊಂಡ, ತಿನ್ನಲಿಲ್ಲ. ಒಳಗೆ ಇಲಾರಿಯೋನ ಕೈಯಿಂದ ಒಂದು ಮೇಕೆ ಎದ್ದು ಓಡಿತು. ಅಲ್ಲೊಂದು ಇಲ್ಲೊಂದು ಗೀರಿತ್ತು.

"ಒಳ್ಳೇ ನಾಯಿ ಕಣೆ ಅದು," ಅಂದ ರೂಬೆನ್, ಬಿಷಪ್ಪನನ್ನೇ ನೋಡುತ್ತ. "ಕೇಡು ಮಾಡೋನು ಎಂಥವನೇ ಬಂದ್ರೂ ಒಳಗೆ ಬಿಡಲ್ಲ."